ಹಾಡು ಕಟ್ಟಿದವರ ಹುಟ್ಟುಹಬ್ಬವೂ ನೆನಪಿರಲಿ



ಹಳೆಯ ಪಾಪ್, ರಾಕ್ ಗಾಯಕರ ಹುಟ್ಟುಹಬ್ಬ ಬಂದರೆ ರೇಡಿಯೊ, ಪತ್ರಿಕೆಗಳು ಅವರ ಹಾಡುಗಳನ್ನು ನೆನೆಯುತ್ತವೆ. ಒಳ್ಳೆಯದೇ. ಆದರೆ ಹಾಡು ಕಟ್ಟಿದವರ ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ. ಕ್ಯಾರೊಲ್ ಕಿಂಗ್ ಅವರನ್ನೇ ನೋಡಿ. 1942ರ ಫೆಬ್ರುವರಿ 9ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಜೆರಿ ಗಾಫಿನ್ ಬರೆದ ಸಾಲುಗಳಿಗೆ ಇವರು ರಾಗ ಹಾಕಿದ ‘ವಿಲ್ ಯೂ ಲವ್ ಮಿ ಟುಮಾರೊ’ ಹಾಡು ಶಿರೆಲ್ಸ್ ತಂಡದ ದನಿಯಲ್ಲಿ 1961ರ ಜನವರಿಯಲ್ಲಿ ಅಮೆರಿಕದ ಜನಪ್ರಿಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ರಾಗ ಹಾಕಿದಾಕೆಗೆ ಆಗಿನ್ನೂ 19 ತುಂಬಿರಲಿಲ್ಲ! ಆ ಕಾಲದ ಚಿಕ್ಕ ರೆಕಾರ್ಡುಗಳ ನಡುವಿನ ದುಂಡು ಚೀಟಿಯಲ್ಲಿ ಹಾಡಿನ ಹೆಸರು, ಗಾಯಕರ ಹೆಸರು ಎದ್ದು ಕಾಣುತ್ತವೆ; ರಚಿಸಿದವರ ಹೆಸರು ಕಂಸದೊಳಗೆ, ಸಣ್ಣಕ್ಷರದಲ್ಲಿ. ಆ ಕಂಸದೊಳಗೇ ಉಳಿದುಹೋದವರು ಎಷ್ಟೋ ಮಂದಿ.

ಹಾಡಿಗೆ ಜೀವ ತುಂಬುವುದು ಕಂಠವಲ್ಲವೇ ಎಂದು ಕೇಳಬಹುದು. ಕಿಂಗ್ ರಾಗ ಹಾಕಿದ ‘ನ್ಯಾಚುರಲ್ ವುಮನ್’ ಅನ್ನು 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದ್ದನ್ನು ಕೇಳಿದ ಯಾರೂ ಅದನ್ನು ಅಲ್ಲಗಳೆಯಲಾರರು. ಆದರೆ 1971ರ ‘ಟ್ಯಾಪೆಸ್ಟ್ರಿ’ ಆಲ್ಬಮ್‌ನಲ್ಲಿ ಕಿಂಗ್ ಪಿಯಾನೊ ನುಡಿಸುತ್ತ ಈ ಎರಡೂ ಹಾಡುಗಳನ್ನು ತಾವೇ ಹಾಡಿದಾಗ ಬೇರೆಯದೇ ಭಾವ ಹೊಮ್ಮಿತು. ಕಂಠ ಬದಲಾದರೂ ರಾಗ ಸೊರಗಲಿಲ್ಲ. ಹುಟ್ಟುವುದೇನು ಸಾಧನೆಯೇ, ಹಾಡು ಬಿಡುಗಡೆಯಾದ ದಿನವನ್ನು ಆಚರಿಸಿದರೆ ಸಾಲದೇ ಎಂಬ ಆಕ್ಷೇಪವೂ ಬರಬಹುದು. ಬಿಡುಗಡೆಯ ದಿನ ಒಂದು ರೆಕಾರ್ಡಿಗೆ ಸೇರಿದ್ದು. ಹತ್ತಾರು ಕಂಠಗಳಲ್ಲಿ ಹಂಚಿಹೋದ ಹಾಡುಗಳನ್ನು ಒಂದೆಡೆ ಕೂಡಿಸಲು ರಚಿಸಿದವರ ಜನ್ಮದಿನಕ್ಕಿಂತ ತಕ್ಕ ದಿನವಿಲ್ಲ. ಬರುವ ಫೆಬ್ರುವರಿ 9ರಂದು ನಿಮ್ಮ ಪತ್ರಿಕೆಯ ಪುಟದಲ್ಲಿ ಶಿರೆಲ್ಸ್ ಮತ್ತು ಅರೀಥಾ ಹಾಡಿದ ಎರಡೂ ಹಾಡುಗಳು ಕಿಂಗ್ ಹೆಸರಿನಡಿ ಕಾಣಲಿ.

– ಓರ್ವ ಓದುಗ