ಆಟದ ಹೊಗೆ, ಯುದ್ಧದ ಹೊಗೆ

2011ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿ, ಲಿಬಿಯಾದ ಸರ್ವಾಧಿಕಾರಿ ಗಡಾಫಿಗೂ ಐರಿಷ್ ರಿಪಬ್ಲಿಕನ್ ಆರ್ಮಿ ಎಂಬ ಸಶಸ್ತ್ರ ಸಂಘಟನೆಗೂ ಇದ್ದ ನಂಟಿನ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿತು. ಅದರಲ್ಲಿ ಹೆಲಿಕಾಪ್ಟರ್ ಒಂದನ್ನು ಹೊಡೆದುರುಳಿಸುವ ದೃಶ್ಯವಿತ್ತು. 1988ರಲ್ಲಿ ಆ ಸಂಘಟನೆಯೇ ಚಿತ್ರೀಕರಿಸಿದ್ದು ಎಂಬ ಬರಹವೂ ಜೊತೆಗಿತ್ತು. ದೃಶ್ಯ ನಿಜಕ್ಕೂ ‘ಆರ್ಮಾ 2’ ಎಂಬ ವಿಡಿಯೊ ಗೇಮ್‌ನದು. ಅದನ್ನು ಪತ್ತೆಹಚ್ಚಿದವರು ವೀಕ್ಷಕರು. ಮರುವರ್ಷ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ವಾಹಿನಿ ಪ್ರೇಕ್ಷಕರ ದಾರಿ ತಪ್ಪಿಸಿದೆ ಎಂದು ತೀರ್ಮಾನಿಸಿತು.

ಅದೇ ಕೊನೆಯಾಗಲಿಲ್ಲ. 2017ರಲ್ಲಿ ರಷ್ಯಾದ ರಕ್ಷಣಾ ಸಚಿವಾಲಯ ಅಮೆರಿಕದ ವಿರುದ್ಧ ಪುರಾವೆಯೆಂದು ಪ್ರಕಟಿಸಿದ ಚಿತ್ರಗಳಲ್ಲಿ ಒಂದು ಮೊಬೈಲ್ ಗೇಮ್‌ನಿಂದ ಬಂದಿತ್ತು. 2021ರಲ್ಲಿ ಅಫ್ಗಾನಿಸ್ತಾನದ ಪಂಜ್‌ಶೀರ್ ಕಣಿವೆಯ ಮೇಲೆ ವಿಮಾನ ದಾಳಿ ಎಂದು ನಮ್ಮ ದೇಶದ ಕೆಲವು ಸುದ್ದಿ ವಾಹಿನಿಗಳು ತೋರಿಸಿದ್ದು ‘ಆರ್ಮಾ 3’ರ ತುಣುಕನ್ನು. ಅನುಭವಿ ಸಂಪಾದಕರ ಕಣ್ಣೂ ಹೀಗೇಕೆ ಮೋಸಹೋಗುತ್ತದೆ?

ಮೊದಲನೆಯದಾಗಿ, ಆಟದ ನೆಲ ಪೂರ್ತಿ ಕಲ್ಪನೆಯದಲ್ಲ. ಪ್ರಾಗ್ ನಗರದ ಬೊಹೀಮಿಯಾ ಇಂಟರಾಕ್ಟಿವ್ ಸಂಸ್ಥೆ 2013ರಲ್ಲಿ ಹೊರತಂದ ‘ಆರ್ಮಾ 3’ರ ಮುಖ್ಯ ದ್ವೀಪಕ್ಕೆ ಗ್ರೀಸಿನ ಲೆಮ್ನೊಸ್ ದ್ವೀಪವೇ ಮಾದರಿ. ಗುಡ್ಡದ ಇಳಿಜಾರು, ಕರಾವಳಿಯ ಅಂಕುಡೊಂಕು, ಒಣಗಿದ ಹುಲ್ಲಿನ ಬಣ್ಣ ನಿಜವಾದ ಭೂಮಿಯಿಂದ ಬಂದಿವೆ. ಅದರ ಮೇಲೆ ಹೊಸ ವಾಹನ, ಸಮವಸ್ತ್ರ, ಆಯುಧಗಳನ್ನು ಆಟಗಾರರೇ ರಚಿಸಿ ಸೇರಿಸಬಹುದು. ಹಾಗಾಗಿ ಯಾವ ದೇಶದ ಯುದ್ಧವನ್ನಾದರೂ ಇಲ್ಲಿ ನಡೆಸಬಹುದು.

ಆದರೆ ಪ್ರಕೃತಿಯ ಒಂದು ಅಂಶ ಗಣಕಕ್ಕೆ ಸುಲಭವಾಗಿ ಒಲಿಯುವುದಿಲ್ಲ. ಅದು ಹೊಗೆ. ಟ್ಯಾಂಕಿಗೆ, ಬಂಡೆಗೆ ನಿಶ್ಚಿತ ಆಕಾರವಿದೆ, ಹೊಗೆಗೆ ಇಲ್ಲ. ಬೆಂಕಿಯ ಬಳಿ ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಸುತ್ತಲಿನ ತಣ್ಣನೆಯ ಗಾಳಿ ನುಗ್ಗುತ್ತದೆ. ಈ ಘರ್ಷಣೆಯಲ್ಲಿ ಸುಳಿ ಹುಟ್ಟುತ್ತದೆ, ಸುಳಿಯೊಳಗೆ ಇನ್ನೂ ಸಣ್ಣ ಸುಳಿಗಳು ಹುಟ್ಟುತ್ತವೆ. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದ ಆಟಕ್ಕೆ ಒಂದೊಂದು ಚಿತ್ರ ಸಿದ್ಧಪಡಿಸಲು ಸಿಗುವುದು ಸುಮಾರು 16 ಮಿಲಿಸೆಕೆಂಡು. ಮನೆಯ ಗಣಕ ಅಷ್ಟರಲ್ಲಿ ಇಷ್ಟೆಲ್ಲ ಲೆಕ್ಕ ಮಾಡಲಾರದು. ಆದ್ದರಿಂದ ಆಟ ತಯಾರಿಸುವವರು ಹೊಗೆಯ ಚಪ್ಪಟೆ, ಅರೆಪಾರದರ್ಶಕ ಚಿತ್ರಗಳನ್ನು ಒಂದರ ಮೇಲೊಂದು ತೇಲಿಬಿಡುತ್ತಾರೆ. ನಾಟಕ ಕಂಪನಿಯ ಪರದೆಯ ಮೇಲೆ ಬರೆದ ಅರಮನೆಯಂತೆ ಅವು ಸದಾ ನೋಡುಗರ ಕಡೆಗೇ ಮುಖ ಮಾಡಿರುತ್ತವೆ. ಗಮನವಿಟ್ಟು ನೋಡಿದರೆ ಒಂದೇ ಆಕಾರದ ಮೋಡ ಮತ್ತೆ ಮತ್ತೆ ಬರುವುದು, ದೂಳು ಏಳುವ ರೀತಿ ಅಸಹಜವಾಗಿರುವುದು ಕಾಣುತ್ತದೆ. ಮನುಷ್ಯರ ನಡಿಗೆಯಲ್ಲೂ ಇಂಥದೇ ಬಿಗುವು.

ಹಾಗಿದ್ದರೆ ಇದೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲವೇಕೆ? ವಿಡಿಯೊವನ್ನು ಫೋನಿನಿಂದ ಫೋನಿಗೆ ಕಳಿಸುವಾಗ ತಂತ್ರಾಂಶ ಅದರ ಗಾತ್ರವನ್ನು ಕುಗ್ಗಿಸುತ್ತದೆ. ಕುಗ್ಗಿಸುವುದೆಂದರೆ ಸೂಕ್ಷ್ಮ ವಿವರಗಳನ್ನು ಬಿಸಾಡುವುದು. ಹೊಗೆಯ ಅಂಚು, ದೂಳಿನ ಕಣ, ಮುಖಭಾವ ಮೊದಲು ಅಳಿಸಿಹೋಗುತ್ತವೆ. ಸುಳ್ಳನ್ನು ಬಯಲುಮಾಡಬಲ್ಲ ಪುರಾವೆಯೂ ಅಲ್ಲೇ ಇತ್ತು! ದೃಶ್ಯ ರಾತ್ರಿಯದಾಗಿದ್ದು ಕ್ಯಾಮೆರಾವೂ ನಡುಗುತ್ತಿದ್ದರೆ ಉಳಿದದ್ದೂ ಹೋಯಿತು. ಇತ್ತ ಸೈನ್ಯದ ಶಾಖಗ್ರಾಹಿ ಕ್ಯಾಮೆರಾಗಳು ಸೆರೆಹಿಡಿದ ಅಸಲಿ ಚಿತ್ರಗಳೂ ಮಸುಕಾಗಿ, ಕಪ್ಪುಬಿಳುಪಾಗಿ, ಆಟದಂತೆಯೇ ಕಾಣುತ್ತವೆ. ಯುದ್ಧವೆಂದರೆ ಹೀಗೇ ಕಾಣಬೇಕೆಂದು ನಮ್ಮ ಕಣ್ಣು ಆಗಲೇ ಪಳಗಿಬಿಟ್ಟಿದೆ.

2022ರ ನವೆಂಬರಿನಲ್ಲಿ ಬೊಹೀಮಿಯಾ ಸಂಸ್ಥೆಯೇ ಇಂಥ ತುಣುಕುಗಳನ್ನು ಗುರುತಿಸುವ ಬಗೆಯನ್ನು ಪ್ರಕಟಿಸಿತು. ತೀರಾ ಮಸುಕಾದ, ಕತ್ತಲೆಯ, ಧ್ವನಿಯಿಲ್ಲದ, ಜನರ ಚಲನೆ ಕಾಣದ ದೃಶ್ಯವಿದ್ದರೆ ಅನುಮಾನಿಸಿ ಎಂದಿತು. ಒಂದನ್ನು ತೆಗೆಸಿದರೆ ಇನ್ನಷ್ಟು ಬರುತ್ತವೆ, ಆದ್ದರಿಂದ ಸುದ್ದಿಸಂಸ್ಥೆಗಳ ಜೊತೆ ಕೈಜೋಡಿಸುವುದೇ ಸರಿಯಾದ ದಾರಿ ಎಂಬುದು ಅದರ ನಿಲುವು.

ನನಗೂ ಅದು ಸರಿಯೆನಿಸುತ್ತದೆ, ಆದರೆ ಸಾಲದು. ಹೊಗೆಯನ್ನು ಪರೀಕ್ಷಿಸುವ ಹೊಣೆಯನ್ನು ಮನೆಯಲ್ಲಿ ಕೂತ ವೀಕ್ಷಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಚಿತ್ರೀಕರಿಸಿದವರು ಯಾರು, ಯಾವ ಊರಿನಲ್ಲಿ, ಮೂಲ ಪ್ರತಿ ಎಲ್ಲಿದೆ ಎಂದು ಕೇಳುವ ಅವಕಾಶವೂ ಸಿಬ್ಬಂದಿಯೂ ಇರುವುದು ಸುದ್ದಿಮನೆಗೆ. ಉತ್ತರ ಸಿಗದಿದ್ದರೆ ದೃಶ್ಯವನ್ನು ಕೈಬಿಟ್ಟು ಸುದ್ದಿಯನ್ನಷ್ಟೇ ಓದಬಹುದು. ‘ಖಚಿತಪಟ್ಟಿಲ್ಲ’ ಎಂಬ ಸಣ್ಣ ಅಕ್ಷರದ ಸಾಲು ಹಾಕಿ ಅದೇ ಸ್ಫೋಟವನ್ನು ದಿನವಿಡೀ ತಿರುಗಿಸುವ ರೂಢಿಯನ್ನು ವಾಹಿನಿಗಳು ನಿಲ್ಲಿಸಬೇಕು. ತಪ್ಪಾದಾಗ ತಿದ್ದುಪಡಿಯನ್ನೂ ಅದೇ ಸಮಯದಲ್ಲಿ, ಅಷ್ಟೇ ದೊಡ್ಡದಾಗಿ ತೋರಿಸಬೇಕು.