ಸಾಕೋ ಯೋಗ್ಯತೆ ಇಲ್ದೋರು ಯಾಕೆ ಸಾಕ್ಬೇಕು ಅನ್ನೋರಿಗೆ

"ಔಷಧಿಗೆ ರೊಕ್ಕ ಇಲ್ದೋರು ಕುದುರೆ ಯಾಕೆ ಸಾಕ್ತೀರಿ?" ಈ ಮಾತನ್ನ ನಮ್ಮನೆಯೋರು ಭಾಳ ಸಲ ಕೇಳಿದೀವಿ. ಹೇಳೋರು ಕೆಟ್ಟೋರೇನಲ್ಲ, ಮೂಕಪ್ರಾಣಿ ಮ್ಯಾಲಿನ ಕನಿಕರಕ್ಕೇ ಹೇಳ್ತಾರೆ. ಆದ್ರೆ ಆ ಮಾತು ತಪ್ಪು. ಯಾಕೆ ತಪ್ಪು ಅನ್ನೋದನ್ನ ಲೆಕ್ಕ ಸಮೇತ ಹೇಳ್ತೀನಿ, ಕೇಳ್ರಿ.

ನಮ್ಮನೇಲಿ ಇರೋದು ಒಂದು ಹೆಣ್ಣುಗುದುರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಗೆ ಕರೆದ್ರೂ ಮಾವನೋರು ಅದನ್ನ ಮದುವೆ ಮೆರವಣಿಗೆಗೆ ಕರ್ಕೊಂಡು ಹೋಗ್ತಾರೆ. ಲಗ್ನ ಇರೋ ನಾಕು ತಿಂಗಳ ದುಡಿಮೆ ವರ್ಷಪೂರ್ತಿ ಮೇವಿಗೆ ಆಗ್ಬೇಕು. ಈ ಸಲ ಲಗ್ನದ ಸುಗ್ಗಿ ಮುಗಿಯೋ ಹೊತ್ತಿಗೆ ಅದು ಕಾಳು ಬಿಡೋಕೆ ಶುರು ಮಾಡ್ತು. ಎರಡು ಬಾಯಿ ತಿಂದು ಸುಮ್ನೆ ನಿಲ್ಲೋದು, ಹೊಟ್ಟೆ ಕಡೆ ತಿರುಗಿ ನೋಡೋದು, ಹೊಟ್ಟೆಪಟ್ಟಿ ಬಿಗಿದ್ರೆ ಕಿವಿ ಹಿಂದಕ್ಕೆ ಮಾಡೋದು. ದನದ ಡಾಕ್ಟ್ರು ನೋಡಿ, "ಹೊಟ್ಟೇಲಿ ಹುಣ್ಣು ಆಗಿರಬೌದು" ಅಂದ್ರು.

ಖರ್ಚೆಲ್ಲಾ ಇರೋದು ಆ "ಇರಬೌದು" ಅನ್ನೋ ಮಾತಲ್ಲೇ. ಮೈ ಮುಟ್ಟಿ ನೋಡಿದ್ರೆ ಹುಣ್ಣು ಗೊತ್ತಾಗಲ್ಲ, ರಕ್ತ ಪರೀಕ್ಷೆಲೂ ಖಚಿತ ಆಗಲ್ಲ. ಖಚಿತ ಆಗ್ಬೇಕಾದ್ರೆ ಕುದುರೆನ ಉಪವಾಸ ಕೆಡವಿ, ಮತ್ತು ಬರೋ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಸುಮಾರು 3 ಮೀಟರ್ ಉದ್ದದ ಎಂಡೋಸ್ಕೋಪಿ ಪೈಪು ಇಳಿಸಿ ಕಣ್ಣಾರೆ ನೋಡ್ಬೇಕು. ಅದು ಹಳ್ಳಿ ಪಶು ಆಸ್ಪತ್ರೇಲಿ ಇರೋ ವಸ್ತು ಅಲ್ಲ. 1962ಕ್ಕೆ ಫೋನ್ ಮಾಡಿದ್ರೆ ಮನೆ ಬಾಗ್ಲಿಗೇ ಬರೋ ಪಶು ಚಿಕಿತ್ಸಾ ಗಾಡಿ ಒಳ್ಳೇ ಯೋಜನೆನೇ, ಆದ್ರೆ ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ ಅನ್ನೋ ಲೆಕ್ಕದ ಮ್ಯಾಲೆ ನಡೆಯೋದು. ಅದರ ಕೈಲಿ ಎಂಡೋಸ್ಕೋಪಿ ಮಾಡ್ಸೋಕಾಗುತ್ತಾ? ದೊಡ್ಡ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗೋಣ ಅಂದ್ರೆ ನ್ಯಾಮತಿಯೋರಿಗೆ ಶಿವಮೊಗ್ಗ ಹತ್ರ, ಜಗಳೂರಿನೋರು ಹೋಗಿ ಬರೋ ಗಾಡಿ ಬಾಡಿಗೆಗೇ ಸಾಲ ಮಾಡ್ಬೇಕು.

ಹಂಗಾಗಿ ಡಾಕ್ಟ್ರು ಅಂದಾಜಿನ ಮ್ಯಾಲೆ ಔಷಧಿ ಕೊಟ್ಟು ನೋಡ್ತಾರೆ. ಇದನ್ನ ಬೇಜವಾಬ್ದಾರಿ ಅನ್ನಬ್ಯಾಡ್ರಿ, ಬೇರೆ ದಾರಿ ಇಲ್ದಾಗ ಎಲ್ಲಾ ಕಡೆ ಮಾಡೋದು ಇದನ್ನೇ. ಔಷಧಿ ಯಾವುದು ಗೊತ್ತಾ? ನಾವು ಗ್ಯಾಸಿಗೆ ತಗೊಳ್ಳೋ ಒಮೆಪ್ರಜೋಲೇ. ಕುದುರೆಗೆ ಕಿಲೋಗೆ 4 ಮಿಲಿಗ್ರಾಂ. 300 ಕಿಲೋ ಕುದುರೆಗೆ ದಿನಕ್ಕೆ 1,200 ಮಿಲಿಗ್ರಾಂ. ನಮ್ಮ ಗುಳಿಗೆ 20 ಮಿಲಿಗ್ರಾಮಿಂದು, ಅಂದ್ರೆ ಅದಕ್ಕೆ ದಿನಕ್ಕೆ 60 ಗುಳಿಗೆ. 28 ದಿನಕ್ಕೆ 1,680. ಗುಳಿಗೆಗೆ ಒಂದೇ ರೂಪಾಯಿ ಅಂತ ಹಿಡಿದ್ರೂ ಲೆಕ್ಕ ನೀವೇ ಹಾಕ್ರಿ. ಈ ಲೆಕ್ಕ ನೋಡಿ ಯಾರೂ ಗುಳಿಗೆ ತಂದು ಕೊಡಬ್ಯಾಡ್ರಿ, ಎಷ್ಟು, ಹೆಂಗೆ ಅಂತ ಹೇಳೋನು ಡಾಕ್ಟ್ರು. ನೋವಿನ ಇಂಜೆಕ್ಷನ್ನಂತೂ ಕೇಳ್ದೆ ಹಾಕ್ಸಲೇಬ್ಯಾಡ್ರಿ, ಅದರಿಂದ ಹುಣ್ಣು ಇನ್ನೂ ಜಾಸ್ತಿ ಆಗುತ್ತೆ.

ಈಗ ನನ್ನ ಜಗಳದ ಮಾತಿಗೆ ಬರ್ತೀನಿ. ಈ ಹುಣ್ಣು ಎಲ್ಲಿಂದ ಬಂತು?

ನಮ್ಮ ಹೊಟ್ಟೆ ಉಣ್ಣೋ ಹೊತ್ತಿಗೆ ಹೆಚ್ಚು ಹುಳಿ ಬಿಡುತ್ತೆ. ಕುದುರೆ ಹೊಟ್ಟೆ ಹಂಗಲ್ಲ, ತಿಂದ್ರೂ ತಿನ್ನದಿದ್ರೂ ಹಗಲೂ ರಾತ್ರಿ ಹುಳಿ ಬಿಡ್ತಾನೇ ಇರುತ್ತೆ. ದಿನವೆಲ್ಲಾ ಮೇಯೋಕೇ ಹುಟ್ಟಿರೋ ಪ್ರಾಣಿ ಅದು. ಹುಲ್ಲು ಅಗಿದ್ರೆ ಜೊಲ್ಲು ಬರುತ್ತೆ, ಜೊಲ್ಲು ಹುಳಿನ ತಣಿಸುತ್ತೆ. ಹೊಟ್ಟೆಯ ಮೇಲ್ಭಾಗಕ್ಕೆ ಹುಳಿ ತಡೆಯೋ ಪದರ ಇಲ್ಲ. ಖಾಲಿ ಹೊಟ್ಟೇಲಿ ಕುಣಿಸಿದ್ರೆ ಹುಳಿ ಅಲ್ಲಿಗೆ ಎರಚುತ್ತೆ, ಸುಡುತ್ತೆ. ರೇಸಿನ ಕುದುರೆಗಳಿಗೆ ಈ ಹುಣ್ಣು ತೀರಾ ಸಾಮಾನ್ಯ ಆಗಿರೋದೂ ಇದಕ್ಕೇನೇ.

ಅಂಥ ಪ್ರಾಣಿನ ಮದುವೆ ದಿನ ಬೆಳಗ್ಗೆ ಆರಕ್ಕೆ ಮಂಟಪದ ಮುಂದೆ ನಿಲ್ಸಿ ಅಂತೀರಿ. ಮೆರವಣಿಗೆ ಹೊರಡೋದು ಹತ್ತಕ್ಕೆ. "ಇಲ್ಲಿ ಹುಲ್ಲು ಹಾಕಬ್ಯಾಡ್ರಿ, ಫೋಟೋದಾಗೆ ಗಲೀಜು ಕಾಣ್ತೈತೆ, ಲದ್ದಿ ಹಾಕ್ತೈತೆ" ಅಂತೀರಿ. ಕಿವಿ ಪಕ್ಕದಾಗೇ ಡಿಜೆ ಇಡ್ತೀರಿ. ನಡುವೆ ಯಾರೋ ಪ್ರೀತಿಯಿಂದಲೇ ಬೊಗಸೆ ಮೆಕ್ಕೆಜೋಳ ತಿನ್ನಿಸ್ತಾರೆ, ನಮ್ಮ ಜಿಲ್ಲೇಲಿ ಅದಕ್ಕೇನು ಬರ? ಹುಲ್ಲಿಲ್ಲದ ಹೊಟ್ಟೆಗೆ ಬರೀ ಜೋಳ ಬಿದ್ರೆ ಹುಳಿ ಇನ್ನೂ ಏರುತ್ತೆ. ಕುದುರೆ ಎಷ್ಟು ಹೊತ್ತು ನಿಲ್ಬೇಕು, ಯಾವಾಗ ತಿನ್ಬೇಕು ಅಂತ ತೀರ್ಮಾನ ಮಾಡೋರು ನೀವು. ಹುಣ್ಣಾದಾಗ ಯೋಗ್ಯತೆ ಕೇಳೋದು ಮಾತ್ರ ನಮಗೆ!

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆನೂ ಮಾಲೀಕನೊಬ್ಬನ್ನೇ ಹಿಡಿಯಲ್ಲ. ರೋಗ ಇರೋ, ಕೈಲಾಗದ ಪ್ರಾಣಿನ ದುಡಿಸ್ಕೊಂಡೋರದ್ದೂ ತಪ್ಪು ಅಂತಾನೇ ಹೇಳ್ತೈತೆ. ಇನ್ನು "ಮಾರಿಬಿಡ್ರಿ" ಅನ್ನೋರಿಗೆ ಒಂದು ಮಾತು. ಮಾರಿದ್ರೆ ಕುದುರೆ ಮಾಯ ಆಗಲ್ಲ. ನಮಗಿಂತ ಬಡವನ ಮನೆಗೆ ಹೋಗಿ, ಅದೇ ಖಾಲಿ ಹೊಟ್ಟೇಲಿ ಅದೇ ಮಂಟಪದ ಮುಂದೆ ನಿಲ್ಲುತ್ತೆ. ನಿಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೇ.

ಔಷಧಿ ಖರ್ಚು ನೀವು ಕೊಡ್ರಿ ಅಂತ ನಾನು ಕೇಳ್ತಿಲ್ಲ. ಬಾಡಿಗೆ ಮಾತಾಡುವಾಗ್ಲೇ ಮೇವಿನ ಮಾತೂ ಆಡ್ರಿ ಅಂತೀನಿ. ಮೆರವಣಿಗೆಗೆ ಮುಂಚೆ ಒಂದು ಹೊರೆ ಹುಲ್ಲು, ಅದ್ರ ಜೊತೆ ಒಂದಿಷ್ಟು ಕುದುರೆಮೆಂತೆ ಇರ್ಲಿ. ಹೆಸರಲ್ಲೇ ಕುದುರೆ ಐತೆ, ಅದರ ಸುಣ್ಣದಂಶ ಹುಳಿನ ತಣಿಸುತ್ತೆ. ಒಂದು ಬಕೆಟ್ ನೀರು, ನಿಲ್ಲೋಕೆ ನೆರಳು ಕೊಡ್ರಿ. ಹೊರಡೋ ಹೊತ್ತಿಗೆ ಕರೀರಿ, ನಾಕು ತಾಸು ಮುಂಚೆ ಬ್ಯಾಡ. ಇದಕ್ಕಾಗೋ ಖರ್ಚು ನಿಮ್ಮ ಡಿಜೆ ಬಾಡಿಗೇಲಿ ಲೆಕ್ಕಕ್ಕೂ ಬರಲ್ಲ. ನಮ್ಮ 1,680 ಗುಳಿಗೆ ಉಳಿಯುತ್ತೆ.

ಇಷ್ಟು ಮಾಡಿದ ಮ್ಯಾಲೂ ಕುದುರೆ ಕಾಳು ಬಿಟ್ರೆ, ಆವಾಗ ಬಂದು ನಮ್ಮ ಯೋಗ್ಯತೆ ಕೇಳ್ರಿ. ಉತ್ತರ ಕೊಡ್ತೀವಿ.