ಬಿಟ್ಟ ಬರವಣಿಗೆ ಮತ್ತೆ ಹಿಡಿಯೋಣ

ಕಾಲೇಜಿನ ದಿನಗಳಲ್ಲಿ ಸ್ವಂತ ಬ್ಲಾಗ್ ತೆರೆದು ಬರೆದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ರಾಯಚೂರು, ದೇವದುರ್ಗ, ಮಾನ್ವಿ ಎಂದು ಊರು ಬೇರೆಯಾದರೂ ಕಥೆ ಒಂದೇ. ಮೊದಲು ವಾರಕ್ಕೊಂದು ಬರಹ, ಆಮೇಲೆ ತಿಂಗಳಿಗೊಂದು, ಕೊನೆಗೆ ಯುಗಾದಿಗೊಂದು ಶುಭಾಶಯ. ಅದೂ ನಿಂತು ವರ್ಷಗಳಾದವು. ಈಗ ಕೆಲವು ಗೆಳೆಯರು ಮತ್ತೆ ಶುರು ಮಾಡಬೇಕು ಅನ್ನುತ್ತಿದ್ದಾರೆ. ಜೊತೆಗೇ ಎರಡು ಪ್ರಶ್ನೆ ಕೇಳುತ್ತಾರೆ: ಇಷ್ಟು ದಿನದ ಮೇಲೆ ಏನು ಬರೆಯೋದು? ಯಾರು ಓದುತ್ತಾರೆ?

ನಮ್ಮ ಅಭಿಪ್ರಾಯ ಸ್ಪಷ್ಟ. ಬರೆಯಬೇಕು. ದೊಡ್ಡ ವಿಷಯ ಸಿಗಲಿ ಎಂದು ಕಾಯುವುದು ಬೇಡ. ನಾವು ಬರೆಯದೆ ಇದ್ದ ವರ್ಷಗಳಲ್ಲಿ ನಮ್ಮೂರಲ್ಲಿ ಏನೇನು ನಡೆಯಿತೋ ಅಲ್ಲಿಂದಲೇ ಶುರು ಮಾಡಬಹುದು.

ಬರವಣಿಗೆ ನಿಂತದ್ದಕ್ಕೆ ನಾಚಿಕೆಪಡಬೇಕಿಲ್ಲ. ಯೂನಿಕೋಡ್ ಬಂದು, 2005ರಲ್ಲಿ ‘ಸಂಪದ’ದಂಥ ತಾಣ ಶುರುವಾದ ಮೇಲೆ ಕನ್ನಡದಲ್ಲಿ ಬರೆಯುವವರಿಗೆ ಹೊಸ ಹುರುಪು ಬಂದಿತ್ತು. ಒಬ್ಬರದನ್ನು ಇನ್ನೊಬ್ಬರು ಓದುವ ಬಳಗವಿತ್ತು. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಹೋದರು. 2013ರ ಜುಲೈನಲ್ಲಿ ಗೂಗಲ್ ರೀಡರ್ ಮುಚ್ಚಿತು. 2016ರಲ್ಲಿ ಜಿಯೊ ಬಂದ ಮೇಲೆ ಓದುವ ಹೊತ್ತನ್ನು ವಿಡಿಯೊ ನುಂಗಿತು. ಇನ್ನು ನಮ್ಮಲ್ಲಿ ವರದಿಗಾರಿಕೆಗೆ ಸೇರಿದವರ ಪಾಡು ಕೇಳಬೇಡಿ. ದಿನವಿಡೀ ಮನವಿ ಸಲ್ಲಿಕೆ, ಪ್ರತಿಭಟನೆ, ಜಯಂತಿ ಎಂದು ಸುದ್ದಿ ಬರೆದ ಕೈ, ರಾತ್ರಿ ಮನೆಗೆ ಬಂದು ತನಗಾಗಿ ಎರಡು ಸಾಲು ಬರೆಯಲು ಒಲ್ಲೆ ಎನ್ನುತ್ತದೆ.

ಆದರೆ ನಾವೇನು ಬರೆಯುವುದನ್ನೇ ಬಿಟ್ಟೆವಾ? ಇಲ್ಲ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಬರೆದೆವು, 24 ಗಂಟೆಗೆ ಅದು ಮಾಯವಾಯಿತು. ಫೇಸ್‌ಬುಕ್ಕಿನಲ್ಲಿ ಬರೆದೆವು, ವಾರ ಕಳೆಯುವುದರೊಳಗೆ ತಳ ಸೇರಿತು. ಬರೆದದ್ದು ಬಹಳ, ಹುಡುಕಿದರೆ ಸಿಗುವುದು ಸ್ವಲ್ಪ.

ಈ ನಡುವೆ ನಮ್ಮ ಭಾಗದಲ್ಲಿ ಏನೆಲ್ಲ ಆಗಿಹೋಯಿತು ನೋಡಿ. 2013ರಲ್ಲಿ 371(ಜೆ) ಜಾರಿಗೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. 2022ರ ಮೇ ತಿಂಗಳಲ್ಲಿ ಏಮ್ಸ್ ಬೇಕೆಂದು ರಾಯಚೂರಿನಲ್ಲಿ ಧರಣಿ ಶುರುವಾಯಿತು. ಇವೆಲ್ಲ ಪತ್ರಿಕೆಯಲ್ಲಿ ಬಂದಿವೆ, ಮುಂದೆಯೂ ಸಿಗುತ್ತವೆ. ಆದರೆ ಸುದ್ದಿಯ ಅಳತೆಗೆ ಹಿಡಿಸದ ಸಂಗತಿಗಳು ಎಷ್ಟೋ ಇವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದು ದೇಶಕ್ಕೆಲ್ಲ ಗೊತ್ತು. ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿಯ ರೈತನಿಗೆ ಆ ವಾರ ನಿದ್ದೆ ಹೇಗೆ ಬಂದೀತು? ನಾಟಿ ಮಾಡಿದ ಭತ್ತ ಕೈಗೆ ಬರುತ್ತದಾ, ಲೀಸಿಗೆ ಹಿಡಿದ ಹೊಲದ ಹಣ ಹೆಂಗ ಕಟ್ಟೋದು ಎಂಬ ಮಾತು ಮನೆಮನೆಯ ಕಟ್ಟೆಯ ಮೇಲೆ ನಡೆಯುವಂಥದ್ದು. ಅದನ್ನು ಕೇಳಿಸಿಕೊಂಡವರು ನಾವು.

ದೇವದುರ್ಗದ್ದೂ ಹಾಗೆಯೇ. ನಾರಾಯಣಪುರ ಬಲದಂಡೆ ಕಾಲುವೆ ಇದ್ದರೂ ಗುಳೆ ನಿಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು, ಪುಣೆ, ಮುಂಬೈಗಳಿಂದ ಮರಳಿದವರ ಲೆಕ್ಕ ಪತ್ರಿಕೆಗೆ ಬಂತು. ಅವರು ಮತ್ತೆ ಯಾವಾಗ ಗಂಟು ಕಟ್ಟಿದರು, ಶಾಲೆ ಬಿಟ್ಟ ಮಗು ತಿರುಗಿ ಶಾಲೆಗೆ ಬಂತಾ, ಮನೆ ಕಾಯಲು ಉಳಿದ ಅಜ್ಜಿಗೆ ರೇಷನ್ ಯಾರು ತಂದುಕೊಟ್ಟರು? ಇದನ್ನು ಬರೆಯಲು ಯಾವ ಸಂಪಾದಕರೂ ನಮಗೆ ಹೇಳುವುದಿಲ್ಲ. ಸ್ವಂತ ಬರವಣಿಗೆ ಇರುವುದು ಇದಕ್ಕೇ.

ರಾಯಚೂರಿನ ಕೋಟೆ ಗೋಡೆಯಲ್ಲಿ 1294ರ ಶಾಸನವಿರುವ ಭಾರಿ ಉದ್ದದ ಕಲ್ಲೊಂದಿದೆ. ಕಾಕತೀಯರ ಕಾಲದ್ದು, ತೆಲುಗಿನದು. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿದೆ, ಅದು ಎಲ್ಲ ಶಾಸನಗಳ ವಾಡಿಕೆ. ಅದರ ಜೊತೆಗೆ, ಅಂಥ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನೂ ಕೊರೆದಿದ್ದಾರೆ. ಒಡೆಯರ ಹೆಸರು ಇನ್ನೊಂದು ಶಾಸನದಲ್ಲೂ ಸಿಕ್ಕೀತು. ಕಲ್ಲು ಎಳೆದವರ ಕಷ್ಟ ಕಾಣುವುದು ಆ ಚಿತ್ರದಲ್ಲಿ. ಕೊರೆದವರು ಯಾರು ಓದುತ್ತಾರೆ, ಯಾರು ನೋಡುತ್ತಾರೆ ಎಂದು ಕೈಕಟ್ಟಿ ಕೂತಿದ್ದರೆ ಅದು ನಮಗೆ ದಕ್ಕುತ್ತಿರಲಿಲ್ಲ. ನಮ್ಮ ಬರಹವನ್ನು ಇವತ್ತು ಹತ್ತು ಜನ ಓದಿದರೂ ಸಾಕು. ಮುಂದೆ ಈ ಊರಿನ ಬಗ್ಗೆ ತಿಳಿಯಬೇಕೆಂದು ಬರುವವರಿಗೆ ಅದು ಅಲ್ಲಿರಬೇಕು.

ಮರಳಿ ಬರೆಯುವವರಿಗೆ ನಾಲ್ಕು ಮಾತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂಬ ವಿವರಣೆಯಲ್ಲೇ ಮೊದಲ ಬರಹ ಮುಗಿಸಬೇಡಿ. ಊರಿನ ಹೆಸರು, ತಿಂಗಳು, ವರ್ಷ ತಪ್ಪದೆ ಹಾಕಿ. ಜನ ಆಡಿದ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ‘ಹೊಂಟಾರ’, ‘ಬಂದಾರ’ ಎನ್ನುವುದು ಹಾಗೆಯೇ ಬರಲಿ. ನಮ್ಮ ಮಾತಿನಲ್ಲಿ ಬೆರೆತ ಉರ್ದು, ತೆಲುಗು ಪದಗಳೂ ಇರಲಿ. ಕಷ್ಟದಲ್ಲಿರುವ ಮನೆಯವರ ಹೆಸರು, ಫೋಟೊ ಹಾಕುವ ಮೊದಲು ಅವರನ್ನು ಕೇಳಿ. ಅವರು ಬೇಡ ಅಂದರೆ ಬೇಡ. ಇನ್ನೊಂದು, ಬರೆದದ್ದರ ಪ್ರತಿಯನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಆರ್ಕುಟ್ 2014ರಲ್ಲಿ ಮುಚ್ಚಿತು. ಇಂದಿನ ತಾಣಗಳೂ ಶಾಶ್ವತವಲ್ಲ.

ವಾರಕ್ಕೊಂದು ಬರೆಯುತ್ತೇವೆ ಎಂದು ಶಪಥ ಮಾಡುವುದೂ ಬೇಡ. ತಿಂಗಳಿಗೊಂದು, ಮುನ್ನೂರು ಪದ ಸಾಕು. ಮೊದಲ ಬರಹಕ್ಕೆ ವಿಷಯ ಬೇಕೆಂದರೆ ನಾವೇ ಕೊಡುತ್ತೇವೆ: ಈ ವರ್ಷ ನಿಮ್ಮ ಓಣಿಯಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿದೆ, ಅವರೆಲ್ಲ ಎಲ್ಲಿಗೆ ಹೋಗಿದ್ದಾರೆ?